ಅಕ್ಕ ತಂದ ಬನ್ನಿ

ಆ ದಿನ ಬೆಳಿಗ್ಗೆ ನಾನು ಒಂದು ರವಿಕೆಯ ತೋಳು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಬಾಗೇವಾಡಿಯ ನಮ್ಮ ಓಣಿಯಲ್ಲಿ ಅವತ್ತು ನಳಕ್ಕೆ ನೀರು ಬಿಡುವ ದಿನ. ಹೊರಗೆ ಕೊಡಗಳ ಸಪ್ಪಳ, ಹೆಂಗಸರ ಜಗಳ. ಗಂಡ ಕೆಲಸಕ್ಕೆ ಹೋಗಿದ್ದರು. ದಸರೆ ಮುಗಿದು ಎರಡು ದಿನವಾಗಿತ್ತು. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಗಿರಾಕಿ ಇರಬೇಕೆಂದು ತಲೆ ಎತ್ತದೆಯೇ, "ಸಂಜೀಕ ಬರ್ರಿ, ಇನ್ನೂ ಆಗಿಲ್ಲ" ಅಂದೆ.

"ಸಂಜೀತನಾ ನಿಲ್ಲಾಕ ಆಗೂದಿಲ್ಲವಾ. ನಾ ಮೂರರ ಬಸ್ಸಿಗೆ ಹೋಗಬೇಕು."

ಅಕ್ಕ. ಮೂರು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ನನ್ನ ಒಬ್ಬಳೇ ಅಕ್ಕ. ತಾಂಬಾದಿಂದ ದೇವರ ಹಿಪ್ಪರಗಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು ಬಂದಿದ್ದಳು. ಚೀಲದಲ್ಲಿ ಶೇಂಗಾ ಹೋಳಿಗೆ ಇದ್ದವು. ನಾನು ಎದ್ದು ನಿಂತೆ. ಕಾಲಿಗೆ ಬೀಳಬೇಕೋ ಬೇಡವೋ ತಿಳಿಯದೆ ನೀರಿನ ತಂಬಿಗೆ ತರಲು ಒಳಗೆ ಹೋದೆ.

ಅವಳು ನನ್ನ ಮಶೀನಿನ ಚಕ್ರ ತಿರುಗಿಸಿ ನೋಡಿದಳು. "ಇದು ಇನ್ನೂ ಕಿರಕಿರ ಅಂತೈತಲ್ಲೇ! ಎಣ್ಣಿ ಕುಡಸು. ನಿನ್ನಂಗ ಇದಕ್ಕೂ ಬಾಯಿ ಭಾಳ."

ನಾನು ನಕ್ಕೆ. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದೆ. ಉಣ್ಣುತ್ತ ಅವಳು ತೊಗರಿ ಹೂ ಬಿಟ್ಟ ಸುದ್ದಿ ಹೇಳಿದಳು, ತನ್ನ ಮೊಣಕಾಲು ನೋವಿನ ಸುದ್ದಿ ಹೇಳಿದಳು. ಅವ್ವನ ಸುದ್ದಿ ಇಬ್ಬರೂ ಎತ್ತಲಿಲ್ಲ. ಕೈ ತೊಳೆದ ಮೇಲೆ ಸೆರಗಿನ ಗಂಟು ಬಿಚ್ಚಿ ನಾಲ್ಕು ಬನ್ನಿ ಎಲೆ ತೆಗೆದು ನನ್ನ ಮುಂದೆ ಹಿಡಿದಳು.

"ತಗೋ. ಬನ್ನಿ ತಗೊಂಡು ಬಂಗಾರದಂಗ ಇರೂಣು."

ನಮ್ಮ ಕಡೆ ದಸರೆಯಿಂದ ಹುಣ್ಣಿಮೆಯವರೆಗೆ ಬನ್ನಿ ಕೊಡುವುದು ನಡೆಯುತ್ತದೆ. ಮಾತು ಬಿಟ್ಟವರಿಗೆ ಇದೊಂದೇ ದಾರಿ. ತಪ್ಪಾಯಿತು, ಕ್ಷಮಿಸು ಎಂದು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲೆ ಕೊಡುತ್ತಾರೆ, ಎಲೆ ತಗೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೊಡಬೇಕು. ಇಲ್ಲಿ ದೊಡ್ಡವಳೇ ಬಂದಿದ್ದಳು, ಅದೂ ತಪ್ಪು ಮಾಡದವಳು.

ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಅಕ್ಕಾ, ನಾ ಈಗ ಇದನ್ನ ತಗೊಳ್ಳಂಗಿಲ್ಲ. ನಂದು ದೀಕ್ಷಾಸ್ನಾನ ಆಗೇತಿ."

"ಸ್ನಾನ ಆಗಿದ್ರ ಚೊಲೋನ ಆತು. ತಗೋ."

"ಹಂಗಲ್ಲ. ನಾ ಯೇಸುನ ನಂಬೀನಿ. ಇದು ಪೂಜಿ ಮಾಡಿದ ಗಿಡದ ಎಲಿ. ಮುಟ್ಟಬಾರದು."

"ಮುಟ್ಟಬಾರದು ಅಂತ ಯಾರಂದ್ರು?"

ಯಾರೂ ಅಂದಿರಲಿಲ್ಲ. ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಎಲೆಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಬಯ್ಯಲಿಲ್ಲ. "ಮಜ್ಜಿಗಿ ಐತೇನು?" ಎಂದು ಕೇಳಿದಳು. ಕುಡಿದು, ಮೂರರ ಬಸ್ಸಿಗೆ ಹೋದಳು. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದೆ. ಬಂದು ಆ ತೋಳು ಹೊಲಿದು ಮುಗಿಸಿದೆ. ಸಂಜೆ ಗಿರಾಕಿ ಬಂದು ರವಿಕೆ ತಗೊಂಡು ಹೋದಳು.

ಮೂರು ವರ್ಷದ ಹಿಂದಿನದನ್ನು ಹೇಳದಿದ್ದರೆ ಇದು ತಿಳಿಯುವುದಿಲ್ಲ. ಅವ್ವ ಕೊನೆಗೆ ಅಕ್ಕನ ಮನೆಯಲ್ಲೇ ಇದ್ದಳು. ತಿಂಗಳುಗಟ್ಟಲೆ ಅಕ್ಕ ಅವಳ ಹಾಸಿಗೆಯ ಹೊಲಸು ಬಳಿದಳು, ಚಮಚದಿಂದ ಅಂಬಲಿ ಕುಡಿಸಿದಳು. ನಾನು ನಾಲ್ಕು ಸಲ ಹೋಗಿ ನೋಡಿಕೊಂಡು ಬಂದಿದ್ದೆ, ಅಷ್ಟೇ. ಅವ್ವ ಸತ್ತ ದಿನ ಬಂದವರೆಲ್ಲ ಅಕ್ಕನನ್ನು ಹೊಗಳುವುದು ಕೇಳಿ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಎಲ್ಲರ ಮುಂದೆ ನಿಂತು, "ನನ್ನ ಅವ್ವನ್ನ ಉಪಾಸ ಕೆಡವಿ ಕೊಂದಿ" ಅಂದುಬಿಟ್ಟೆ. ಅದು ಸುಳ್ಳು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಅಂಬಲಿ ಕುಡಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೆ.

ನನ್ನ ನಾಲಿಗೆ ಮೊದಲಿನಿಂದಲೂ ಹಾಗೆ. ಅದನ್ನು ಬಿಡಲು ಸೋಮವಾರ ಉಪವಾಸ ಮಾಡಿದೆ, ಹರಕೆ ಹೊತ್ತೆ, ಆರು ತಿಂಗಳು ಖಾರ ಬಿಟ್ಟೆ. ಬೆಳಿಗ್ಗೆ ಇನ್ನು ಯಾರಿಗೂ ಏನೂ ಅನ್ನುವುದಿಲ್ಲ ಎಂದು ಎದ್ದರೆ, ಮಧ್ಯಾಹ್ನದೊಳಗೆ ಯಾರಿಗಾದರೂ ಅಂದೇ ಇರುತ್ತಿದ್ದೆ. ಅಂದ ಮೇಲೆ ಅಳುತ್ತಿದ್ದೆ. ಗಂಡ, "ಅಂದು ಅಳೂದಕಿಂತ ಅನ್ನದ ಇರೂದು ಸಸ್ತಾ ಅಲ್ಲೇನು?" ಎನ್ನುತ್ತಿದ್ದರು. ಅವರ ಮಾತು ಖರೆ. ನನಗೆ ಆಗುತ್ತಿರಲಿಲ್ಲ.

ಓಣಿಯ ಒಬ್ಬ ಹೆಂಗಸು ಭಾನುವಾರದ ಪ್ರಾರ್ಥನೆಗೆ ಕರೆದಳು. ಮನಸ್ಸು ಹಗುರಾಗಲಿ ಎಂದು ನಾನಾಗಿಯೇ ಹೋದೆ. ಒಂದು ಸಣ್ಣ ಕೋಣೆ, ಜಮಖಾನೆ, ಇಪ್ಪತ್ತು ಜನ. ಸಭೆಯ ಹಿರಿಯರು ಮೊದಲು ಶಾಲೆಯಲ್ಲಿ ಮಾಸ್ತರ ಆಗಿದ್ದವರು. ನಾವು ಮಾಡಿದ ಪಾಪ ನಮ್ಮ ಹೆಸರಲ್ಲ, ಯೇಸುವನ್ನು ನಂಬಿದವಳನ್ನು ದೇವರು ಮಗಳು ಎಂದೇ ಕರೆಯುತ್ತಾನೆ, ಒಳ್ಳೆಯವಳಾದ ಮೇಲೆ ಅಲ್ಲ, ಮೊದಲೇ ಕರೆಯುತ್ತಾನೆ ಎಂದು ಅವರು ಹೇಳಿದರು. ಮಗಳು ಎಂದು ನನ್ನನ್ನು ಯಾರಾದರೂ ಕರೆದು ಎಷ್ಟು ದಿನವಾಗಿತ್ತೋ. ನಾನು ಜಮಖಾನೆಯ ಮೇಲೆ ಮುಖ ಮುಚ್ಚಿಕೊಂಡು ಅತ್ತೆ.

ಮುದ್ದೇಬಿಹಾಳದ ಕಡೆಯ ಒಂದು ಕಾಲುವೆಯಲ್ಲಿ ದೀಕ್ಷಾಸ್ನಾನವಾಯಿತು. ನಾವು ಐದು ಜನ ಟೆಂಪೋದಲ್ಲಿ ಹೋಗಿದ್ದೆವು. ಸೊಂಟದ ತನಕ ನೀರು. ಹಿರಿಯರು ನನ್ನ ತಲೆಯ ಹಿಂದೆ ಕೈ ಕೊಟ್ಟು ಮುಳುಗಿಸಿ ಎತ್ತಿದರು. "ಹಳೇ ನೀವು ಇಲ್ಲೇ ಸತ್ತ್ರಿ. ಇನ್ನ ಹೊಸಬರು" ಅಂದರು. ಹಸಿ ಸೀರೆಯಲ್ಲಿ ನಡುಗುತ್ತಿದ್ದೆ, ಆದರೂ ನಗು ಬರುತ್ತಿತ್ತು. ಹಲ್ಲಿನ ನೋವು ಒಮ್ಮೆಲೇ ನಿಂತಾಗ ಆಗುವಂಥ ನಗು. ಎರಡು ತಿಂಗಳು ನಾನು ಯಾರಿಗೂ ಒಂದು ಕೆಟ್ಟ ಮಾತು ಆಡಲಿಲ್ಲ.

ಆಮೇಲೆ ಒಂದು ದಿನ, ಹುಕ್ಕು ಸರಿಯಿಲ್ಲ ಎಂದ ಗಿರಾಕಿಗೆ ಮೊದಲಿನ ಹಾಗೆಯೇ ಕೆಟ್ಟ ಮಾತು ಅಂದೆ. ಹಳಬಳು ಸತ್ತಿದ್ದರೆ ಈ ಮಾತು ಆಡಿದವಳು ಯಾರು? ಯಾರನ್ನು ಕೇಳಲೂ ಹೆದರಿಕೆ. ಸ್ನಾನ ನನಗೆ ಹತ್ತಲಿಲ್ಲ ಎಂದು ಸಭೆಯವರಿಗೆ ತಿಳಿದರೆ? ಆದ್ದರಿಂದ ನಾನು ಹೊರಗಿನಿಂದ ಬೇಲಿ ಹಾಕತೊಡಗಿದೆ. ಪ್ರಸಾದ ಬೇಡ, ಆರತಿ ಬೇಡ, ಅರಿಷಿಣ ಕುಂಕುಮಕ್ಕೆ ಕರೆದರೆ ಬೇಡ. ನಾಲಿಗೆ ನನ್ನ ಕೈಯಲ್ಲಿ ಇರಲಿಲ್ಲ, ಕೈಯಾದರೂ ನನ್ನ ಕೈಯಲ್ಲಿ ಇರಲಿ ಎಂದು. ಅಕ್ಕನಿಗೆ ಹೋಗಿ ತಪ್ಪಾಯಿತು ಎನ್ನಬೇಕೆಂಬುದು ದಿನಾ ನೆನಪಾಗುತ್ತಿತ್ತು. ಸುಳ್ಳು ಹೇಳಿದವಳು ಕಾಲುವೆಯಲ್ಲೇ ಸತ್ತಳಲ್ಲ, ಸತ್ತವಳ ಪರವಾಗಿ ನಾನೇಕೆ ಕೇಳಬೇಕು ಎಂದೂ ಅನ್ನಿಸುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಅಕ್ಕ ಬಂದುಹೋದ ಐದನೆಯ ದಿನ ಬೆಳಿಗ್ಗೆ ಫೋನು ಬಂತು. ಎದೆ ಹಿಡಿದುಕೊಂಡಿತು ಎಂದು ಸಿಂದಗಿಯ ದವಾಖಾನೆಗೆ ಒಯ್ಯುವಾಗ ಅಕ್ಕ ದಾರಿಯಲ್ಲೇ ಹೋಗಿಬಿಟ್ಟಿದ್ದಳು.

ತಾಂಬಾದ ಅವಳ ಮನೆಯಲ್ಲಿ ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಗೆ ವಿಭೂತಿ. ನಮ್ಮವರಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ಸಮಾಧಿಗೆ ಎಲ್ಲರೂ ಹಿಡಿ ಮಣ್ಣು ಹಾಕುವಾಗ ನಾನೂ ಬಗ್ಗಿದೆ. ಇಂಡಿಯಿಂದ ಬಂದಿದ್ದ ನಮ್ಮ ಮುದಿ ಅತ್ತೆ, ಅಪ್ಪನ ತಂಗಿ, ಎಲ್ಲರಿಗೂ ಕೇಳುವಂತೆ ಅಂದಳು: "ಹೊಸ ದೇವ್ರ ಮಾಡ್ಕೊಂಡಾಕಿ ನಮ್ಮ ಮಣ್ಣ ಮುಟ್ಟತೀಯೇನವಾ? ಮೈಲಿಗಿ ಆದೀತು, ನೋಡು ಮತ್ತ."

ನಾನು ಏನೂ ಅನ್ನಲಿಲ್ಲ. ಮಣ್ಣು ಹಾಕಿದೆ. ಮೊದಲಿನ ನಾನಾಗಿದ್ದರೆ ಅತ್ತೆ ಆ ಮಾತು ಆಡಿ ಸುಖವಾಗಿ ಇಂಡಿಗೆ ಹೋಗುತ್ತಿರಲಿಲ್ಲ. ಹಾಗಾದರೆ ಅವತ್ತು ಸುಮ್ಮನಿದ್ದವಳು ಹೊಸಬಳೋ, ಇಲ್ಲ ತಪ್ಪು ಮಾಡಿದ್ದರಿಂದ ಬಾಯಿ ಕಟ್ಟಿಹೋಗಿದ್ದ ಹಳಬಳೋ? ಈಗಲೂ ನನಗೆ ಗೊತ್ತಿಲ್ಲ.

ವಾರ ಕಳೆದ ಮೇಲೆ ಸಭೆಯ ಹಿರಿಯರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಬನ್ನಿ ತಗೋಬ್ಯಾಡ ಅಂತ ನಾ ಯಾವಾಗರೆ ಹೇಳೇನೇನ್ರಿ ತಂಗೀ?"

"ಇಲ್ರಿ."

"ಪೂಜಿಗೆ ಬ್ಯಾಡ ಅನ್ನೂದು ಬ್ಯಾರೆ. ನಿಮ್ಮಕ್ಕ ಪೂಜಿ ಮಾಡು ಅಂದಿದ್ರೇನು? ರಾಜಿ ಆಗೂಣು ಅಂದ್ರು. ಅದನ್ನ ನೀವು ಬ್ಯಾಡ ಅಂದ್ರೆಲ್ಲ."

"ಹಂಗಾರ ನನ್ನ ಸ್ನಾನ ಸುಳ್ಳೇನ್ರಿ?"

"ಸುಳ್ಳಲ್ಲರಿ. ಹುಟ್ಟಿದ ಕೂಸು ಅವತ್ತ ಓಡತೈತೇನು? ಬಿದ್ದರ ಮಗಳು ಅನ್ನೂದು ಹೋಗತೈತೇನು? ನೀವು ಮಗಳು ಅನಿಸ್ಕೊಳ್ಳಾಕ ಕೈ ಹಿಂದ ಕಟ್ಟಕೊಂಡ್ರಿ. ಅದಕಿಂತ ಮೊದಲ ಮಗಳು ಆಗಿದ್ರಿ. ಕಟ್ಟಕೊಳ್ಳೂದು ಬೇಕಾಗಿರಲಿಲ್ಲ."

ಅದು ಅರ್ಥವಾಯಿತು. ಅಷ್ಟು ಅರ್ಥವಾದದ್ದಕ್ಕೇ ಮತ್ತಷ್ಟು ಅಳು ಬಂತು. ಅವರು, "ಸುಳ್ಳನ್ನ ಯಾರ ಮುಂದ ಹೇಳಿದ್ರೋ ಅವರ ಮುಂದ ಹೋಗಿ ತಗೀರಿ" ಅಂದರು.

ಅಕ್ಕನ ತಿಂಗಳ ಕಾರ್ಯಕ್ಕೆ ಎಲ್ಲರೂ ತಾಂಬಾದಲ್ಲಿ ಸೇರಿದಾಗ ಹೋದೆ. ಊಟವಾದ ಮೇಲೆ ಪಡಸಾಲೆಯಲ್ಲಿ ನಿಂತು, ಅವ್ವನ ಸಾವಿನಲ್ಲಿ ನಾನು ಆಡಿದ್ದು ಸುಳ್ಳು, ಹೊಟ್ಟೆಕಿಚ್ಚಿನಿಂದ ಆಡಿದ್ದು, ಅಕ್ಕ ಅವ್ವನನ್ನು ಕೂಸಿನಂತೆ ನೋಡಿಕೊಂಡಿದ್ದಳು ಎಂದೆ. ಇಂಡಿಯ ಅತ್ತೆ ಎಲೆ ಅಡಿಕೆ ಜಗಿಯುವುದು ನಿಲ್ಲಿಸಿ, "ಇದು ಎಲ್ಲಾರಿಗೂ ಗೊತ್ತಿತ್ತು ಬಿಡ. ನೀ ಹೇಳೂದೊಂದ ಬಾಕಿ ಇತ್ತು" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಅಕ್ಕನ ಗಂಡ ಕಂಬಕ್ಕೆ ಒರಗಿ ಕೂತಿದ್ದರು. "ಆತು, ಕೂಡು. ಆಕಿ ಅದನ್ನ ಮನಸಿನ್ಯಾಗಿಂದ ಯಾವಾಗೋ ಬಿಟ್ಟಿದ್ಲು. ನಿನ್ನ ಮನಿಗೆ ಬಂದು ಹೋದ ದಿನ ಎಷ್ಟು ಖುಷಿ ಇದ್ಲು ಅಂತೀ. 'ತಂಗಿ ಬನ್ನಿ ತಗೊಂಡ್ಲು, ಕಾಲಿಗೆ ಬಿದ್ಲು, ಹೊಟ್ಟಿತುಂಬ ಉಣ್ಣಿಸಿ ಕಳಿಸಿದ್ಲು' ಅಂತ ಓಣಿ ತುಂಬ ಹೇಳಕೋತ ಬಂದ್ಲು."

ಮೂರರ ಬಸ್ಸಿನಿಂದ ಮನೆ ಮುಟ್ಟುವುದರೊಳಗೆ ಅವಳು ಅಷ್ಟನ್ನೂ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದಳು. ನನ್ನ ಮಾನ ಉಳಿಸಲೋ, ತನ್ನದನ್ನೋ? ಇಲ್ಲ, ನಾನು ತಗೊಂಡೇ ತಗೊಳ್ಳುತ್ತೇನೆ, ಇಂದಲ್ಲ ನಾಳೆ, ಎಂದು ನಂಬಿ ಮೊದಲೇ ಹೇಳಿಬಿಟ್ಟಳೋ? ಸುಳ್ಳು ತೆಗೆಯಲು ಬಂದವಳು ನಾನು. ಇನ್ನೊಂದು ಸುಳ್ಳಿನ ಕೆಳಗೆ ನಿಂತಿದ್ದೆ, ಅದೂ ಅಕ್ಕ ನನಗಾಗಿ ಹೇಳಿದ್ದು.

ಜನ ಎದ್ದು ಹೋದ ಮೇಲೆ ಅವರೊಬ್ಬರಿಗೇ ಹೇಳಿದೆ. "ಮಾಮಾ, ನಾ ತಗೊಳ್ಳಲಿಲ್ಲರಿ. ಕೈ ಹಿಂದ ಕಟ್ಟಕೊಂಡೆ."

ಅವರು ನನ್ನ ಮುಖ ನೋಡಲಿಲ್ಲ. ಅಂಗಳದಲ್ಲಿ ಒಣಹಾಕಿದ್ದ ಅಕ್ಕನ ಕೌದಿಯನ್ನು ನೋಡುತ್ತ, "ಆಕಿ ತಗೊಂಡ್ಲು ಅಂದಾಳ. ಈ ಮನ್ಯಾಗ ಅದು ಹಂಗ ಇರತೈತಿ. ನೀ ಮತ್ತ ಅದನ್ನ ಬಿಚ್ಚಬ್ಯಾಡ" ಅಂದರು. ಆಮೇಲೆ, "ಚಾ ಕುಡದು ಹೋಗು" ಅಂದರು.

ಬರುವಾಗ ಬಸ್ಸಿನಲ್ಲಿ ಪ್ರಾರ್ಥನೆ ಮಾಡಲು ನೋಡಿದೆ. ಮಾತು ಬರಲಿಲ್ಲ. ಹೊರಗೆ ಹಳದಿ ಹೂವಿನ ತೊಗರಿ ಹೊಲಗಳು ಹೋಗುತ್ತಿದ್ದವು. ದೇವರು ನನ್ನನ್ನು ಇನ್ನೂ ಮಗಳು ಅನ್ನುತ್ತಾನೆ ಎಂದು ನಂಬುತ್ತೇನೆ. ಅದನ್ನು ಈಗ ಮೊದಲಿಗಿಂತ ಹೆಚ್ಚು ನಂಬುತ್ತೇನೆ, ಯಾಕೆಂದರೆ ನಂಬಲು ನನ್ನ ಕಡೆಯಿಂದ ಒಂದು ಕಾರಣವೂ ಉಳಿದಿಲ್ಲ. ನಾಲಿಗೆಯೂ ಮೊದಲಿನಷ್ಟು ಓಡುವುದಿಲ್ಲ. ಓಡಿದ ದಿನ ಅನ್ನಿಸಿಕೊಂಡವರ ಮನೆಗೆ ಹೋಗಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ ಬರುತ್ತೇನೆ. ಕೇಳಿದವರು ಗಾಬರಿಯಾಗುತ್ತಾರೆ. ಒಬ್ಬಳು, "ಏನಾಗೇತಿ ನಿನಗ, ಆರಾಮ ಇದ್ದೀಯಿಲ್ಲೋ?" ಎಂದು ಹಣೆ ಮುಟ್ಟಿ ನೋಡಿದಳು.

ಈ ಸಲ ದಸರೆಗೆ ಓಣಿಯ ಹೆಂಗಸರು ಬನ್ನಿ ಹಿಡಿದು ಬಂದರು. ಬಾಗಿಲಲ್ಲಿ ಸ್ವಲ್ಪ ಅನುಮಾನಿಸಿ ನಿಂತರು. ನಾನೇ ಮುಂದೆ ಹೋಗಿ ಎರಡೂ ಕೈ ಒಡ್ಡಿದೆ. ಎಲೆಗಳನ್ನು ಮಶೀನಿನ ಮೇಲೆ ಇಟ್ಟುಕೊಂಡು ಆ ದಿನವೆಲ್ಲ ಹೊಲಿದೆ. ತಾಂಬಾದಿಂದ ಮಾಮಾ ಬಂದರು, ಅವರೂ ಕೊಟ್ಟರು.

ಅಕ್ಕನ ಕೈಯಿಂದ ನಾನು ಬನ್ನಿ ತಗೊಂಡಿಲ್ಲ.