ಬಿಳಿ ಸಸಿಯ ಗಿರಿಜಾ ಮೇಡಂ

ನರ್ಸರಿಯವರು ಕಿತ್ತೆಸೆಯುವ ಸಸಿಯನ್ನೇ ಕೇಳಿಕೊಂಡು ಬರುವ ಗಿರಾಕಿ ತಿಪಟೂರು ಸೀಮೆಯಲ್ಲಿ ಒಬ್ಬರೇ ಇದ್ದರು: ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ ಗಿರಿಜಾ ಮೇಡಂ. ಅವರಿಗೆ ಬೇಕಿದ್ದುದು ಹಸಿರೇ ಇಲ್ಲದೆ ಅಚ್ಚ ಬಿಳಿಯಾಗಿ ಮೊಳೆತ ತೆಂಗಿನ ಸಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಡಿಗಳ ನಡುವೆ ನಡೆಯುತ್ತಾ, "ಬಿಳೀದು ಬಂದ್ರೆ ಕೀಳಬೇಡಿ, ಫೋನ್ ಮಾಡಿ" ಎನ್ನುತ್ತಿದ್ದರು. ಗೇಲಿ ಮಾಡಿದವರಿಗೆ ನಂಬರನ್ನು ಇನ್ನೊಮ್ಮೆ ಹೇಳುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಇದರಲ್ಲಿ ಸುದ್ದಿ ಏನಿದೆ ಎಂದು ಕೇಳಿದೆ.

"ಎಲೆಗೆ ಹಸಿರು ಕೊಡೋ ಕ್ಲೋರೋಪ್ಲಾಸ್ಟ್ ಒಂದು ಮನೆ ಅಂದ್ಕೊಳ್ಳಪ್ಪ. ಅಟ್ಟದ ತುಂಬ ಅದರದ್ದೇ ಕಾಯಿ. ಆ ಕಾಯೇ ಆರ್‌ಎನ್‌ಎ. ಸುಲಿದು ಕೊಡದಿದ್ರೆ ಮನೆಗೆ ಪ್ರಯೋಜನ ಇಲ್ಲ. ಸುಲಿಯೋ ಆಳು ಪ್ರೋಟೀನು. ಅವನು ಹೊರಗಿಂದ ಬರಬೇಕು. ಬರದೇ ಇದ್ರೆ ಹಸಿರು ಹುಟ್ಟಲ್ಲ. ಬಿಳೀ ಸಸೀಲೂ ಹಾಗೇ ಆಗಿದೆ ಅಂತ ನನ್ನ ಅನುಮಾನ. ಪರೀಕ್ಷೆಗೆ ಜೀವ ಇರೋ ಎಲೆ ಬೇಕು. ಬಾಡಿದ್ರೆ ಆರ್‌ಎನ್‌ಎ ಉಳಿಯಲ್ಲ."

ಹಲವು ಬೇಸಿಗೆ ಕಾದ ಮೇಲೆ ದಬ್ಬೇಘಟ್ಟದ ನರ್ಸರಿಯಿಂದ ಫೋನ್ ಬಂತು. ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಮೇಡಂ ಹೊರಟರು, ನಾನೂ ಹೋದೆ. ನರ್ಸರಿಯ ಬಸವಣ್ಣಪ್ಪ ಸಸಿಯನ್ನು ನೆರಳಿನಿಂದ ಬಯಲಿಗೆ ತಂದಿಟ್ಟಿದ್ದ. ಬಿಳಿ ಗರಿಗಳು ಸುಟ್ಟು ಕಂದಿದ್ದವು.

"ರಕ್ತ ಇಲ್ಲದ ಮಗ ಇದ್ದಂಗಿತ್ತು ಕಣ್ರೀ ಮೇಡಂ. ನೀವು ಅಷ್ಟು ಆಸೆಪಟ್ಟಿದ್ರಲ್ಲ, ಬದುಕ್ಲಿ ಅಂತ ಉಪ್ಪು ಬೂದಿ ಕೊಟ್ಟು ಬಿಸ್ಲಿಗಿಟ್ಟೆ."

ಮೇಡಂ ಬೈಯಲಿಲ್ಲ. ಮಂಡಿಯೂರಿ ನಡುವಿನ ಸುಳಿಯನ್ನು ಒತ್ತಿ ನೋಡಿದರು. ಅದೊಂದು ಇನ್ನೂ ಹಸಿಯಾಗಿತ್ತು. "ಕುಡುಗೋಲು ಕೊಡಿ."

"ಸುಳಿ ಕುಯ್ದ್ರೆ ಸತ್ತೋಯ್ತದೆ!"

"ಬಿಟ್ರೂ ಸಾಯುತ್ತೆ ಬಸವಣ್ಣಪ್ಪ. ಯಾಕೆ ಸತ್ತಿತು ಅಂತ ಮಾತ್ರ ಗೊತ್ತಾಗಲ್ಲ."

"ನೀವೇ ಕುಯ್ಕಳಿ. ತೆಂಗಿನ ಸುಳಿ ನಾನು ಕುಯ್ಯಲ್ಲ ಬುಡಿ." ಆತ ಕುಡುಗೋಲು ಕೊಟ್ಟು ಅತ್ತ ತಿರುಗಿದ.

ಅವರು ಸುಳಿ ಕೊಯ್ದು ಫ್ಲಾಸ್ಕಿಗೆ ಹಾಕಿದರು. ಆಮೇಲೆ ಬಸವಣ್ಣಪ್ಪ ಬುಡದ ಕಾಯಿ ಒಡೆದು, ಒಳಗಿದ್ದ ಮೆತ್ತನೆಯ ಸಿಹಿ ಉಂಡೆಯನ್ನು ಮೇಡಂ ಕೈಗಿಟ್ಟ. ಅವರು ಅರ್ಧ ಮುರಿದು ನನಗೆ ಕೊಟ್ಟರು. "ಮಳೆಗಾಲದವರೆಗೂ ಸಸಿಗೆ ಊಟ ಇತ್ತು ಇದರಲ್ಲಿ" ಎಂದರು. ಫ್ಲಾಸ್ಕ್ ಹಿಡಿದು ಬೆಂಗಳೂರಿನ ಪ್ರಯೋಗಾಲಯಕ್ಕೆ ಬಸ್ಸು ಹತ್ತಿದರು.

ಮೇಡಂ ನನ್ನೊಡನೆ ಕಡೆಯದಾಗಿ ಮಾತಾಡಿದ್ದು ಫೋನಿನಲ್ಲಿ. "ಆರ್‌ಎನ್‌ಎ ಸಿಕ್ತಪ್ಪ. ಸರಿಯಾಗಿ ಕತ್ತರಿಸಿಲ್ಲ, ಅಂದ್ರೆ ಕಾಯಿ ಸುಲಿದಿಲ್ಲ, ಅದು ಗ್ಯಾರಂಟಿ. ಬರದೇ ಇರೋ ಪ್ರೋಟೀನು ಯಾವುದು ಅಂತ ಹೇಳೋಕೆ ಇನ್ನೊಂದು ಸಸಿ ಬೇಕು."

ಆ ವರ್ಷವೇ ಮೇಡಂ ವರ್ಗವಾಗಿ ಹೋದರು, ತಿಪಟೂರಿಗೆ ಮರಳಲಿಲ್ಲ; ಅವರ ಹೊಸ ನಂಬರೂ ನನಗೆ ಸಿಗಲಿಲ್ಲ. ಅಪರೂಪಕ್ಕೆ ಬಿಳಿ ಸಸಿ ಮೊಳೆತರೆ ಬಸವಣ್ಣಪ್ಪ ಅದಕ್ಕೆ ಚಪ್ಪರದ ಮರೆ ಮಾಡಿ ನನಗೆ ಫೋನ್ ಮಾಡುತ್ತಾನೆ. ಯಾರಿಗೆ ತಿಳಿಸಬೇಕೆಂದು ನನಗೆ ಗೊತ್ತಿಲ್ಲ.