ಕಾಳು ಎತ್ತಿಗೆ, ಕಟ್ಟು ನಮಗೆ

ಮೊದಲು ಸುದ್ದಿ ಹೇಳಿಬಿಡುತ್ತೇನೆ ನೋಡ್ರಿ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳು ಹೊಟ್ಟೆತುಂಬ ಹಾಲು ಕುಡಿದು ಮಲಗಿದ್ದಾಳೆ. ಬಾಟಲಿಯ ಹಾಲಲ್ಲ, ತಾಯಿಯ ಹಾಲು. ತುಟಿಯ ಮೂಲೆಯಲ್ಲಿ ಒಂದು ಹನಿ ಇನ್ನೂ ಹಾಗೇ ನಿಂತಿದೆ. ಒರೆಸಬೇಡ ಅಂತ ಹೆಂಡತಿಗೆ ಹೇಳಿದ್ದೇನೆ. ಇರಲಿ, ಇನ್ನೊಂದಿಷ್ಟು ಹೊತ್ತು ನೋಡುತ್ತೇನೆ.

ಮಗಳು ಲಕ್ಷ್ಮಿ ಚೊಚ್ಚಲ ಹೆರಿಗೆಗೆ ಮಾನ್ವಿಯಿಂದ ರಾಯಚೂರಿಗೆ, ನಮ್ಮ ಮನೆಗೆ ಬಂದವಳು. ಹೆರಿಗೆ ಸುಸೂತ್ರ ಆಯಿತು. ಆದರೆ ದವಾಖಾನೆಯಿಂದ ಬಂದಾಗಿನಿಂದ ಅವಳಿಗೆ ಊಟ ಸೇರದು, ಎದೆಯಲ್ಲಿ ಹಾಲು ಇಳಿಯದು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತ್ತು. ನಾನು ಗಂಡಸು, ಬಾಣಂತಿ ಕೋಣೆಯಲ್ಲಿ ನನಗೇನು ಕೆಲಸ? ಅಂಗಳದಲ್ಲಿ ಕುಂತು ಬೀಡಿ ಹಚ್ಚುವುದು, ಆರಿಸುವುದು. ಅಂಥ ಹೊತ್ತಲ್ಲಿ ನಿನ್ನೆ ಸಂಜೆ ಥಂಡಿ ಗಾಳಿಯ ಜೊತೆ ಪಕ್ಕದ ಓಣಿಯಿಂದ ಒಂದು ವಾಸನೆ ಬಂತು. ಹುರುಳಿ ಕುದಿಯುವ ವಾಸನೆ. ಅದನ್ನು ಚಂದದ ವಾಸನೆ ಅಂತ ಯಾರೂ ಅನ್ನುವುದಿಲ್ಲ. ಒದ್ದೆ ಮಣ್ಣು, ಕೊಟ್ಟಿಗೆ, ದುಡಿದು ಬಂದ ಎತ್ತಿನ ಬೆನ್ನು, ಎಲ್ಲ ಕೂಡಿದ ಹಾಗಿರುತ್ತದೆ. ನನಗೆ ಮಾತ್ರ ಕಣ್ಣು ತುಂಬಿದವು.

ಲಕ್ಷ್ಮಿ ಹುಟ್ಟಿದಾಗ ನಾವು ದೇವದುರ್ಗದ ಹತ್ತಿರ ಮಸರಕಲ್ಲಿನಲ್ಲಿದ್ದೆವು. ಅದೂ ಥಂಡಿ ದಿನವೇ. ನಾನು ಸಾಲಿ ಬಿಟ್ಟು ಎತ್ತಿನ ಹಿಂದೆ ಹೋದವನು. ನನಗೆ ಬರುತ್ತಿದ್ದ ಅಡಿಗೆ ಒಂದೇ, ಎತ್ತಿಗೆ ಹುರುಳಿ ಬೇಯಿಸುವುದು. ಹೆಂಡತಿ ಹನುಮವ್ವನ ತವರಿನಲ್ಲಿ ಯಾರೂ ಇರಲಿಲ್ಲ, ನನ್ನ ಅವ್ವನೂ ತೀರಿಹೋಗಿದ್ದಳು. ಬಾಣಂತನ ನನ್ನ ಕೊರಳಿಗೆ ಬಿತ್ತು. ನಾನು ಸುಟ್ಟ ರೊಟ್ಟಿ ನೋಡಿ ಹನುಮವ್ವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಿದ್ದಳು. ಕೂಸಿಗೆ ಆಡಿನ ಹಾಲಿನಲ್ಲಿ ಅರಳೆ ಅದ್ದಿ ಚೀಪಿಸುತ್ತಿದ್ದೆ.

ಪಕ್ಕದ ಮನೆಯ ಮಾಬೂಬಿ ಖಾಲಾ ನಡುಗೋಡೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದಳು. ವಯಸ್ಸಾದ ಹೆಂಗಸು, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕವ್ವ. "ಎತ್ತಿನ ಗಡಿಗ್ಯಾಗ ಅಮೃತ ಕುದಿಯಾಕತ್ತದ, ಇಲ್ಲಿ ಬಾಣಂತಿ ಉಪವಾಸ ಬಿದ್ದಾಳ. ಕುಲ್ತಿ ಕಾ ಕಟ್ ಮಾಡಾಕ ಬರಲ್ಲೇನೋ ನಿನಗ?" ಅಂದಳು. ಕುಲ್ತಿ ಅಂದರೆ ಹುರುಳಿ, ಅದು ಬೆಂದ ನೀರಿಗೆ ಕಟ್ಟು ಅಂತಾರೆ. ಅದರಲ್ಲೇ ಸಾರು. ಜೀರಗಿ, ಮೆಣಸು, ಸುಟ್ಟ ಬಳ್ಳೊಳ್ಳಿ ಅರೆದು ಹಾಕು, ಕುಸುಬಿ ಎಣ್ಣೆಯ ಒಗ್ಗರಣೆ ಕೊಡು, ಹುಣಸೆ ತೋರಿಸಿದಷ್ಟು ಸಾಕು. ಗೋಡೆಯ ಆಚೆಯಿಂದಲೇ ಹೇಳಿಕೊಟ್ಟಳು.

ನಾನು ಎಲ್ಲ ಮಾಡಿದೆ. ನೀರು ಬಸಿಯುವ ಮೊದಲೇ ಮಾಡಿದೆ, ಅಷ್ಟೇ. ಇಡೀ ಗಡಿಗೆಗೆ ಮಸಾಲೆ ಸುರಿದು, ಘಮಘಮ ಒಗ್ಗರಣೆ ಕೊಟ್ಟು, ಆಮೇಲೆ ಕಾಳು ತೆಗೆದು ಎತ್ತಿನ ಮುಂದಿಟ್ಟೆ. ನಮ್ಮ ಕೆಂದ ಭಾಳ ಮರ್ಯಾದಸ್ತ ಎತ್ತು. ಬಾಯಿ ಹಾಕಿತು, ನಿಂತಿತು, ನನ್ನ ಮುಖ ನೋಡಿತು. ಆಮೇಲೆ ಕೊಟ್ಟಿಗೆ ಅದುರುವ ಹಾಗೆ ಸೀನಿತು. ಮುಖದ ತುಂಬ ಹುರುಳಿ ಮೆತ್ತಿಸಿಕೊಂಡು ನಾನು ಒಳಗೆ ಬಂದೆ.

ಖಾಲಾ ಗೋಡೆ ಸುತ್ತಿಕೊಂಡು ಓಡಿಬಂದಳು. "ಅರೇ, ಕ್ಯಾ ಕರ್ಯಾ ರೇ? ಎತ್ತಿಗೂ ಬಾಣಂತನ ಮಾಡಿದ್ಯಾ?"

ಗೋಡೆಯ ಕಡೆ ತಿರುಗಿದ್ದ ಹನುಮವ್ವನ ಬೆನ್ನು ಅಲುಗಿತು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. ನಕ್ಕು ನಕ್ಕು ಎದ್ದು ಕುಂತು, "ಎತ್ತಿಗೆ ಬ್ಯಾಡಾದದ್ದು ಹೆಂಗದ ನೋಡೋಣು, ತಾ" ಅಂದಳು. ಬಟ್ಟಲು ಖಾಲಿ ಆಯಿತು. ಇನ್ನೊಂದು ಕೇಳಿದಳು.

ಖಾಲಾ ಮರುದಿನ ನಿಂತು ಕಲಿಸಿದಳು. "ಮೊದಲು ಬಸಿ. ಕಾಳು ಎತ್ತಿಂದು, ನೀರಷ್ಟ ನಮ್ಮದು. ಎತ್ತು ಬಾಯಿ ಹಾಕಿದ ಮ್ಯಾಲ ನಾವು ಬಟ್ಟಲ ಹಿಡೀಬೇಕು." ಆ ವಾರದಲ್ಲೇ ಲಕ್ಷ್ಮಿಗೆ ಅರಳೆ ಬೇಡವಾಯಿತು.

ಸಾರಿನಿಂದಲೇ ಹಾಲು ಬಂತೋ, ನಗುವಿನಿಂದ ಬಂತೋ, ಹೇಳಲು ನಾನು ಡಾಕ್ಟರ ಅಲ್ಲ. ಆದರೆ ನೀವೇ ವಿಚಾರ ಮಾಡ್ರಿ. ಯಾರೂ ಲೆಕ್ಕಕ್ಕಿಡದ ಕಾಳು ಅದು. ಅದು ಬೆಂದ ನೀರು, ಮಸಾರಿ ಹೊಲದಲ್ಲಿ ನಿಂತ ಮಳೆನೀರಿನ ಹಾಗೆ ಕೆಂಪು. ಒಂದು ಹೆಣ್ಣಿನ ಮೈಯೊಳಗೆ ಹೋಗುತ್ತದೆ, ಬೆಳ್ಳಗಾಗಿ ಹೊರಗೆ ಬರುತ್ತದೆ. ನಡುವೆ ಆ ಬಣ್ಣ ತೊಳೆದವರು ಯಾರು? ಇಷ್ಟು ವರ್ಷ ಆದರೂ ನನಗೆ ತಿಳಿದಿಲ್ಲ. ತಿಳಿಯದೇ ಇರುವುದೇ ಛಲೋ ಅನಿಸುತ್ತದೆ.

ರಾಯಚೂರಿಗೆ ಬಂದಮೇಲೆ ಎತ್ತಿಲ್ಲದ ಮನೆಯಲ್ಲಿ ಹುರುಳಿ ಯಾಕೆ ಅಂತ ಬಿಟ್ಟೇಬಿಟ್ಟಿದ್ದೆವು. ನಿನ್ನೆ ಅಂಗಡಿಗೆ ಓಡಿ ತಂದೆ. ಹನುಮವ್ವ ಸೆರಗು ಬಾಯಿಗೆ ಹಿಡಿದು, "ಬಂದ್ರು ನೋಡು ಎತ್ತಿನ ಭಟ್ಟರು" ಅಂದಳು. ಆದರೆ ಒಲೆ ಬಿಟ್ಟುಕೊಟ್ಟಳು. ಈ ಸಲ ಮೊದಲು ಬಸಿದೆ. ಬಸಿದ ಕಾಳು ಬುಟ್ಟಿಯಲ್ಲಿ ಹಬೆಯಾಡುತ್ತ ಕುಂತಿತ್ತು. ಎತ್ತು ಬಾಯಿ ಹಾಕದೆ ಬಟ್ಟಲು ಹಿಡಿಯುವುದು ಹೇಗೆ? ಬುಟ್ಟಿ ಹೊತ್ತುಕೊಂಡು ಹತ್ತಿ ಬಂಡಿಗಳು ನಿಲ್ಲುವ ತಿರುವಿಗೆ ಹೋದೆ.

"ಏನ್ ಹರಕಿರೀ ಯಜಮಾನ್ರ?" ಬಂಡಿಯವನು ಕೇಳಿದ.

"ಹರಕಿ ಅಲ್ಲಪಾ, ಅದರ ಪಾಲು."

ಅವನ ಎತ್ತು ಸೀನಲಿಲ್ಲ. ಬುಟ್ಟಿಯ ತಳ ನೆಕ್ಕಿತು. ನಾನು ಮನೆಗೆ ಬಂದು ಬಟ್ಟಲು ತುಂಬಿ ಒಳಗೆ ಕಳಿಸಿದೆ. ಲಕ್ಷ್ಮಿ ನಿನ್ನೆ ಕುಡಿದಳು, ಇವತ್ತು ಬೆಳಿಗ್ಗೆ ಕೇಳಿ ಕುಡಿದಳು. ಇವತ್ತು ಹೊತ್ತು ಮುಳುಗುವಾಗ ಹನುಮವ್ವ ಕೋಣೆಯಿಂದ ಹೊರಗೆ ಬಂದು ನನ್ನ ಮುಂದೆ ನಿಂತಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು.

ಈಗ ಎಲ್ಲರೂ ಊಟಕ್ಕೆ ಕುಂತಿದ್ದೇವೆ. ಮಾನ್ವಿಯಿಂದ ಸಂಜೆ ಬಸ್ಸಿಗೆ ಬಂದ ಅಳಿಯ ಜೋಳದ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿದ್ದಾನೆ. ಹನುಮವ್ವ ಅವನಿಗೆ ಕೇಳದೆಯೇ ಇನ್ನೊಂದು ಸೌಟು ಸುರಿಯುತ್ತಾಳೆ. ಕೋಣೆಯ ಪರದೆ ಸರಿಸಿ ಲಕ್ಷ್ಮಿ ಹೊಸ್ತಿಲ ಒಳಗೆ ಕುಂತು ಬಟ್ಟಲು ಎತ್ತಿ ಕುಡಿದು, ನನ್ನ ಕಡೆ ನೋಡಿದಳು.

"ಯಪ್ಪಾ, ಮಸರಕಲ್ಲಿನಾಗ ಇದನ್ನ ನಾನೂ ಉಂಡೀನೇನು?"

"ಊರು ಬಿಟ್ಟಾಗ ನಿನಗ ಹಲ್ಲ ಬಂದಿದ್ದಿಲ್ಲ. ನೀ ಉಂಡಿಲ್ಲವ್ವಾ. ಉಂಡಾಕಿ ನಿಮ್ಮವ್ವ, ನೀ ಕುಡಿದೀ" ಅಂದೆ.

ಅವಳು ತೊಡೆಯ ಮೇಲಿನ ಕೂಸನ್ನು ನೋಡಿದಳು, ಆಮೇಲೆ ತನ್ನ ಅವ್ವನನ್ನು. ಸಾರು ಬಿಸಿ ಇತ್ತು, ಉಂಡೆವು.