ಗುರುಸ್ವಾಮಿಯ ಸಿಹಿ ನೀರು

ಒಂದು ನಿಮಿಷ ತಡೆಯಿರಿ. ಧೂಳಿನ ಕೆಲಸಕ್ಕೆ ಯಾವ ಮಾಸ್ಕ್ ಒಳ್ಳೆಯದು ಅಂತ ಕೇಳಿಕೊಂಡು ಬಂದಿದ್ದರೆ ಅದನ್ನೂ ಹೇಳುತ್ತೇನೆ, ಆದರೆ ಮೊದಲು ಒಂದು ಮೂಗಿನ ವಿಷಯ ಕೇಳಿ. ಆ ಮೂಗಿನ ಎರಡೂ ಕಡೆ, ಕನ್ನಡಕ ಕೂರುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಹೆಬ್ಬೆರಳಿನಿಂದ ಒತ್ತಿಬಿಟ್ಟ ಹಾಗೆ ಎರಡು ಕೆಂಪು ಗುಳಿಗಳಿದ್ದವು. ಗಿರಾಕಿಗಳಿಗೆ ತೋರಿಸಲೆಂದು ದಿನವಿಡೀ ಮಾಸ್ಕ್ ಹಾಕಿ ತೆಗೆದು, ಹಾಕಿ ತೆಗೆದು ಆದ ಗುರುತು.

ನಗರ್ತಪೇಟೆಯ ಒಂದು ಸಂದಿಯಲ್ಲಿ ಹೆಲ್ಮೆಟ್ಟು, ಗ್ಲೌಸು, ಮಾಸ್ಕು ಮಾರುವ ಅಂಗಡಿ ಆ ಮೂಗಿನವರದು. ಪ್ರತಿವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗುವ ಗುಂಪಿಗೆ ಅವರೇ ಹಿರಿಯರು, ಹಾಗಾಗಿ ಬೀದಿಗೆಲ್ಲ ಗುರುಸ್ವಾಮಿ. ಮಾಸ್ಕ್ ಬೇಕು ಅಂದರೆ ಸೈಜು ಕೇಳುತ್ತಿರಲಿಲ್ಲ. "ಏನ್ ಕೆಲಸ? ಅಲ್ಲಿ ಏನ್ ಹಾರುತ್ತೆ?" ಅನ್ನುವುದೇ ಮೊದಲ ಮಾತು. ಕಲ್ಲಿನ ಪುಡಿಗೆ ಒಂದು ಫಿಲ್ಟರು, ಪೇಂಟಿನ ಆವಿಗೆ ಇನ್ನೊಂದು. ಸಂಪಿಗೋ ಗುಂಡಿಗೋ ಇಳಿಯುತ್ತೇವೆ ಅಂದವರಿಗೆ ಯಾವುದನ್ನೂ ಕೊಡುತ್ತಿರಲಿಲ್ಲ. "ಇದು ಗಾಳಿ ಸೋಸುತ್ತೆ ಅಷ್ಟೇನಪ್ಪ, ಗಾಳಿ ಕೊಡಲ್ಲ. ಒಳಗೆ ಗಾಳೀನೇ ಇಲ್ದಿದ್ರೆ ಏನ್ ಸೋಸ್ತೀಯ?"

ನನ್ನಣ್ಣ ಗ್ರಾನೈಟ್ ಕೆಲಸದವನು. ಅಡುಗೆಮನೆ ಕಟ್ಟೆಗಳಿಗೆ ಕಲ್ಲು ಕುಯ್ದು ಕೂರಿಸುತ್ತಾನೆ. ಅವನು ಮೊದಲ ಸಲ ಮಾಲೆ ಹಾಕಿದ ವರ್ಷ, ಸಂಜೆ ಮನೆಗೆ ಬಂದರೆ ಕಪ್ಪು ಪಂಚೆ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಕೆಮ್ಮು ಬೇರೆ. ಕಲ್ಲಿನ ಧೂಳಿನಿಂದ ಕೆಟ್ಟ ಶ್ವಾಸಕೋಶ ಮತ್ತೆ ಸರಿಹೋಗುವುದಿಲ್ಲ ಅಂತ ನಾನು ಫೋನಲ್ಲಿ ಓದಿ, ನೋಡಿ ತಿಳಿದುಕೊಂಡಿದ್ದೆ. ಮಾಸ್ಕನ್ನೂ ಆರಿಸಿಟ್ಟಿದ್ದೆ: ಎರಡೂ ಕೆನ್ನೆಗೆ ಫಿಲ್ಟರ್ ಇರುವ ರಬ್ಬರಿನದು. ಅಣ್ಣನನ್ನು ಎಳೆದುಕೊಂಡು ಅಂಗಡಿಗೆ ಹೋದೆ.

ಆಗ ಗುರುಸ್ವಾಮಿಗೂ ಮಾಲೆ, ನರೆತ ಗಡ್ಡ. "ಆರಿಸಿರೋದು ಸರಿಯಾಗೇ ಇದೆಯಮ್ಮ. ಆದ್ರೆ ಇವರಿಗೆ ಕೊಡಲ್ಲ," ಅಂದರು.

ಅಣ್ಣನಿಗೆ ಆ ಮಾಸ್ಕ್ ಹಾಕಿ, ತಲೆಯ ಮೇಲೊಂದು ಪ್ಲಾಸ್ಟಿಕ್ ಮುಸುಕು ಇಳಿಬಿಟ್ಟು, ಅದರ ತೂತಿನಿಂದ ಯಾವುದೋ ನೀರನ್ನು ಮಂಜಿನ ಹಾಗೆ ಸಿಂಪಡಿಸಿದರು.

"ಸ್ವಾಮಿ, ಬಾಯಲ್ಲಿ ಏನಾದ್ರೂ ರುಚಿ?"

"ಸಿಹಿ ಬರ್ತಿದೆ ಗುರುಸ್ವಾಮಿ."

"ಸಿಹಿ ಬಂದ ದಾರೀಲೇ ಕಲ್ಲಿನ ಪುಡೀನೂ ಬರುತ್ತೆ. ಗಡ್ಡ ಇದ್ರೆ ರಬ್ಬರು ಚರ್ಮಕ್ಕೆ ಕೂರಲ್ಲ."

ಅಣ್ಣನ ಮುಖ ಸಪ್ಪಗಾಯಿತು. ಮಾಲೆ ತೆಗೆಯುವವರೆಗೆ ಗಡ್ಡ ತೆಗೆಯುವಂತಿಲ್ಲ, ಕೆಲಸ ಬಿಡುವಂತೆಯೂ ಇಲ್ಲ. ಗುರುಸ್ವಾಮಿ ಅಂಗಡಿಯ ಮುಂದೆ ತೋರಿಕೆಗೆಂದು ನೇತುಹಾಕಿದ್ದ ಒಂದೇ ಒಂದು ಹುಡ್ಡನ್ನು ಕೋಲಿನಿಂದ ಇಳಿಸಿದರು. ತಲೆಯಿಂದ ಹೆಗಲತನಕ ಮುಚ್ಚುವಂಥದ್ದು. ಸೊಂಟಕ್ಕೆ ಕಟ್ಟಿದ ಬ್ಯಾಟರಿ ಫ್ಯಾನು ಸೋಸಿದ ಗಾಳಿಯನ್ನು ಒಳಕ್ಕೆ ಊದುತ್ತಿರುತ್ತದೆ, ಗಡ್ಡವಿದ್ದರೂ ನಡೆಯುತ್ತದೆ.

"ಮಾಲೆ ತೆಗೆಯೋವರ್ಗೂ ಇಟ್ಕೊಳ್ಳಿ. ಆಮೇಲೆ ನುಣ್ಣಗೆ ಬನ್ನಿ, ಆ ಮಾಸ್ಕ್ ನೋಡೋಣ."

ಮಾಲೆಯಲ್ಲಿದ್ದಷ್ಟು ದಿನ ಅಣ್ಣ ಹೊರಗಿನದು ತಿನ್ನುತ್ತಿರಲಿಲ್ಲ, ಆದ್ದರಿಂದ ಬಸವನಗುಡಿಯಲ್ಲಿ ಅವನು ಕೆಲಸ ಮಾಡುತ್ತಿದ್ದ ಮನೆಗೆ ನಾನೇ ಊಟ ಒಯ್ಯುತ್ತಿದ್ದೆ. ಎರಡನೇ ದಿನಕ್ಕೇ ಹುಡ್ ಮೂಲೆ ಸೇರಿತ್ತು. ಜೊತೆಯವನೊಬ್ಬ ಬಿಟ್ಟಿರಲಿಲ್ಲ: "ಏನ್ ಮಗಾ, ಹೊರಟಿರೋದು ಶಬರಿಮಲೆಗೋ, ಚಂದ್ರಲೋಕಕ್ಕೋ?" ಅಣ್ಣ ಮೂಗಿಗೆ ಟವೆಲ್ ಕಟ್ಟಿಕೊಂಡು ಕುಯ್ಯುತ್ತಿದ್ದ. ನಾನು ಜಗಳಕ್ಕೆ ನಿಲ್ಲದೆ ಗುರುಸ್ವಾಮಿಗೆ ಫೋನ್ ಮಾಡಿದೆ.

ಮರುದಿನ ಊಟದ ಹೊತ್ತಿಗೆ ಅವರು ಆಟೋದಲ್ಲಿ ಬಂದರು. ಕೆಲಸ ನಡೆಯುತ್ತಿದ್ದುದು ಮಹಡಿ ಮೇಲೆ. ಅರ್ಧ ಮೆಟ್ಟಿಲು ಹತ್ತಿ ಗೋಡೆ ಹಿಡಿದು ಕೂತುಬಿಟ್ಟರು. ಮೇಲೆ ಮಿಷಿನ್ ನಿಂತಿತು. ಎಲ್ಲರೂ ಮೆಟ್ಟಿಲ ತುದಿಗೆ ಬಂದು ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಅವರಿಗೆ ಉಸಿರು ತಿರುಗಿ ಮಾತು ಬಂತು.

"ನಾನೂ ಕಲ್ಲು ಕುಯ್ದವನೇ ಕಣ್ರಪ್ಪ. ಮಾಸ್ಕ್ ಇಲ್ದೆ ಮಿಷಿನ್ ಮುಟ್ಟಿದವನಲ್ಲ. ಆದ್ರೆ ಆಗ ವರ್ಷಪೂರ್ತಿ ಗಡ್ಡ ಬಿಟ್ಟಿದ್ದೆ, ಅದರ ಮೇಲೇ ಹಾಕ್ಕೊತಿದ್ದೆ. ಹಾಕಿದೀನಲ್ಲ ಅಂತ ಧೈರ್ಯ. ಸಿಹಿ ನೀರು ಬಿಟ್ಟು ತೋರಿಸೋರು ಯಾರೂ ಇರ್ಲಿಲ್ಲ." ಮತ್ತೆ ಉಸಿರು ತೆಗೆದುಕೊಂಡರು. "ಶಬರಿಮಲೆಗೂ ಈಗ ಡೋಲೀಲೇ ಹತ್ತೋದು. ಇನ್ನರ್ಧ ಮೆಟ್ಟಿಲು ನನ್ ಕೈಲಾಗಲ್ಲ. ನೀವೇ ಕೆಳಗ್ ಬನ್ನಿ."

ಚಂದ್ರಲೋಕದ ಮಾತಾಡಿದವನು ಒಳಗೆ ಹೋದ. ಮೂಲೆಯಲ್ಲಿದ್ದ ಹುಡ್ ತಂದು, ತನ್ನ ಅಂಗಿಯಲ್ಲೇ ಒರೆಸಿ, ಅಣ್ಣನ ತಲೆಗೆ ತಾನೇ ಹಾಕಿದ.

ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೆ ಅಣ್ಣ ನುಣ್ಣಗೆ ಬೋಳಿಸಿಕೊಂಡು, ಹುಡ್ ವಾಪಸ್ ಕೊಡಲು ಅಂಗಡಿಗೆ ಹೋದ. ಅದೇ ರಬ್ಬರ್ ಮಾಸ್ಕ್, ಅದೇ ನೀರು. "ಏನೂ ರುಚಿ ಇಲ್ಲ ಗುರುಸ್ವಾಮಿ," ಅಂದ. ಅವರು ಒಂದು ಕ್ಷಣ ಕಣ್ಣು ಮುಚ್ಚಿದರು, ಅಷ್ಟೇ.

ಹೋದ ವರ್ಷ ಮಾಲೆಯ ದಿನಗಳು ಶುರುವಾಗುವ ಮೊದಲೇ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಆಕ್ಸಿಜನ್ ಸಿಲಿಂಡರ್ ಇತ್ತು. ಮೂಗಿನ ಗುಳಿಗಳು ಆಗಲೂ ಹಾಗೇ ಇದ್ದವು. ವೈಕುಂಠ ಸಮಾರಾಧನೆಯ ದಿನ ಎಲೆಗೆ ಬಡಿಸಿದ ಸಿಹಿಯನ್ನು ಅಣ್ಣ ಬಹಳ ಹೊತ್ತು ನೋಡುತ್ತಾ ಕೂತಿದ್ದ. ಹೊರಡುವಾಗ ಅವರ ಹೆಂಡತಿ ಹುಡ್ ಮತ್ತು ಸಿಹಿ ನೀರಿನ ಡಬ್ಬಿಯನ್ನು ನನ್ನ ಕೈಗಿಟ್ಟು, "ಅಂಗಡಿ ಮುಚ್ತಿದೀವಮ್ಮ. ಇದು ಸುಮ್ನೆ ನೇತಾಡೋದು ಬೇಡ," ಅಂದರು.

ಈ ವರ್ಷ ಮಾಲೆ ಹಾಕಿರುವವನು ಆ ಚಂದ್ರಲೋಕದ ಮಾತಿನವನು. ಹೊಸ ಫಿಲ್ಟರ್ ಹಾಕಿದ ಹುಡ್ ಈಗ ಅವನ ತಲೆಯ ಮೇಲಿದೆ. ಮಾಲೆ ಇಲ್ಲದ ದಿನಗಳಲ್ಲಿ ಅಣ್ಣನಿಗೂ ಅವನಿಗೂ ರಬ್ಬರ್ ಮಾಸ್ಕ್ ಹಾಕಿಸಿ ನೀರು ಸಿಂಪಡಿಸುವವಳು ನಾನು. ರುಚಿ ಇದೆಯಾ ಅಂತ ಕೇಳಿ, ಅವರು "ಇಲ್ಲ" ಅನ್ನುವತನಕ ನನ್ನ ಉಸಿರೇ ನಿಂತಿರುತ್ತದೆ.

ನಿಮ್ಮ ಮನೆಯಲ್ಲೂ ಧೂಳಿನಲ್ಲೋ ಪೇಂಟಿನಲ್ಲೋ ದುಡಿಯುವವರು ಇರಬಹುದು. ಅವರು ಮೂಗಿಗೆ ಏನು ಕಟ್ಟಿಕೊಳ್ಳುತ್ತಾರೆ, ಯಾರು ಹೇಳಿಕೊಟ್ಟರು, ಯಾರು ನಕ್ಕಿದ್ದಕ್ಕೆ ಬಿಟ್ಟರು, ದಯವಿಟ್ಟು ಬರೆದು ತಿಳಿಸಿ.